ಒಬ್ಬಟ್ಟಿನ ಹಾಲು ಒಡೆದವಳು

ಆ ಯುಗಾದಿಯ ಹಾಲನ್ನು ಒಡೆದವಳು ನಾನು. ಸಾವಿತ್ರಿಯಲ್ಲ, ನಾನು. ಅತ್ತೆ ಹೋಗಿ ಎಷ್ಟೋ ಕಾಲವಾಯಿತು, ನನ್ನನ್ನು ಬೈಯುವವರು ಯಾರೂ ಉಳಿದಿಲ್ಲ — ಆದರೂ ಇದನ್ನು ಬರೆಯುತ್ತ, ಬೆನ್ನ ಹಿಂದೆ ಯಾರೋ ನಿಂತಿದ್ದಾರೇನೋ ಎಂದು ತಿರುಗಿ ತಿರುಗಿ ನೋಡುತ್ತಿದ್ದೇನೆ.

ಅರವತ್ತರ ದಶಕದ ಆರಂಭ. ಜಯನಗರದಲ್ಲಿ ನಮ್ಮದು ಹೊಸ ಮನೆ. ಹಿತ್ತಲಿನಾಚೆ ಇನ್ನೂ ರಾಗಿ ಹೊಲ. ನಾನು ಹಿರಿಸೊಸೆ, ಚೊಚ್ಚಲ ಬಸುರಿ. ಮೈದುನನ ಹೆಂಡತಿ ಸಾವಿತ್ರಿಗೆ ಅದು ಈ ಮನೆಯಲ್ಲಿ ಮೊದಲ ಯುಗಾದಿ. ಅವಳು ತಟ್ಟಿದ ಒಬ್ಬಟ್ಟಿನಲ್ಲಿ ಹೂರಣ ಅಂಚಿನವರೆಗೂ ಹರಡಿರುತ್ತಿತ್ತು, ಕಣಕ ಎಲ್ಲೂ ಹರಿಯುತ್ತಿರಲಿಲ್ಲ. ನನ್ನದು ಕಾವಲಿಗೆ ಬಿದ್ದ ಕೂಡಲೇ ಬಾಯಿ ಬಿಡುತ್ತಿತ್ತು. ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಅದೂ ಒಂದು ಸುಳ್ಳಾದೀತು.

ಬಸುರಿಯ ಬಯಕೆ ಮಾವಿನಕಾಯಿಗೋ ಹುಣಸೆಕಾಯಿಗೋ ಹೋಗಬೇಕು. ನನ್ನದು ಹೋದದ್ದು ಪಕ್ಕದ ಮನೆಯ ಪಂಜಾಬಿ ಹೆಂಗಸಿನ ಬಾಣಲೆಗೆ! ಆಕೆ ಕಾಯುವ ಹಾಲಿಗೆ ನಿಂಬೆ ಹಿಂಡಿ ಒಡೆಸಿ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ, ಆ ಗಟ್ಟಿಯನ್ನು ಉಪ್ಪು, ಮೆಣಸು, ಹಸಿಮೆಣಸಿನಕಾಯಿ ಹಾಕಿ ಹುರಿಯುತ್ತಿದ್ದರು. ಪನೀರು ಎಂಬ ಹೆಸರೇ ಆಗ ನಮಗೆ ಹೊಸದು. ಕಾಂಪೌಂಡಿನ ಮೇಲಿಂದ ಒಮ್ಮೆ ಒಂದು ತುಂಡು ಕೊಟ್ಟಿದ್ದರು. ಆಮೇಲೆ ಕೂತರೂ ನಿಂತರೂ ಅದೇ ಧ್ಯಾನ. ಆದರೆ ನಮ್ಮ ಮನೆಯಲ್ಲಿ ಬೇಕೆಂದೇ ಹಾಲು ಒಡೆಯುವುದೆಂದರೆ ಹಸುವಿಗೆ ಕಲ್ಲೆಸೆದಷ್ಟೇ ಪಾಪ. ಬಸುರಿ ಹಾಲು ಒಡೆದರೆ ಅವಳ ಎದೆಯಲ್ಲಿ ಹಾಲು ನಿಲ್ಲುವುದಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ನಾನು ನಂಬಿದ್ದೆ. ನಂಬಿಯೂ...

ಹಬ್ಬದ ಬೆಳಿಗ್ಗೆ ಜರಗನಹಳ್ಳಿಯಿಂದ ಹಾಲು ಬಂದಿತ್ತು. ಒಬ್ಬಟ್ಟಿಗೆ ಹಾಕಿಕೊಳ್ಳಲೆಂದು ದೊಡ್ಡ ಪಾತ್ರೆಯ ತುಂಬ. ಅತ್ತೆ ದೇವರಮನೆಯಲ್ಲಿ, ಸಾವಿತ್ರಿ ಬಾವಿಯ ಹತ್ತಿರ. ನಾನು ಸಣ್ಣ ತಪ್ಪಲೆಗೆ ಒಂದಿಷ್ಟು ಹಾಲು ಬಗ್ಗಿಸಿಕೊಂಡು, ಒಲೆಯ ಮೇಲಿಟ್ಟು ನಿಂಬೆ ಹಿಂಡಿದೆ. ಹಾಲು ಆಗತಾನೆ ತರಿತರಿಯಾಗುತ್ತಿತ್ತು — ಅತ್ತೆಯ ಬಳೆಯ ಸದ್ದು! ಹಿತ್ತಲಿಗೆ ಚೆಲ್ಲಬಹುದಿತ್ತು. ಹೆದರಿದವಳಿಗೆ ಬುದ್ಧಿ ಎಲ್ಲಿರುತ್ತದೆ? ತಪ್ಪಲೆಯಲ್ಲಿದ್ದುದನ್ನೆಲ್ಲ ದೊಡ್ಡ ಪಾತ್ರೆಗೇ ಸುರಿದು, ನಿಂಬೆಯ ಸಿಪ್ಪೆಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡೆ.

ಅತ್ತೆ ಸಾವಿತ್ರಿಯನ್ನು ಕೂಗಿ ಹಾಲು ಕಾಯಿಸಲು ಹೇಳಿದರು. ನಾನು ಕಣಕ ನಾದುತ್ತ ಕೂತೆ, ಕಣ್ಣು ಮೇಲೆತ್ತಲಿಲ್ಲ. ಕಾವು ಏರಿತು. ಪಾತ್ರೆಯ ಹಾಲೆಲ್ಲ ಒಡೆದು ನೀರಾಯಿತು.

"ಅಯ್ಯೋ, ಹಬ್ಬದ ದಿನ ಹಾಲು ಒಡೀತಲ್ಲೇ! ನಿಜ ಹೇಳು ಸಾವಿತ್ರಿ, ಹೊರಗಾಗಿದೀಯಾ?"

ಮುಟ್ಟಾದವಳು ಅದನ್ನು ಮುಚ್ಚಿಟ್ಟು ಒಲೆಯ ಹತ್ತಿರ ಬಂದರೆ ಹಾಲು ಒಡೆಯುತ್ತದೆ ಎಂಬುದರಲ್ಲಿ ಅತ್ತೆಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

"ಇಲ್ಲ ಅತ್ತೆ, ದೇವರಾಣೆ ಇಲ್ಲ."

ಅತ್ತೆ ನನ್ನ ಕಡೆ ತಿರುಗಿದರು. "ನೀನಾದ್ರೂ ಹೇಳೇ. ನಿಂಗೆ ಗೊತ್ತಿರತ್ತೆ."

ಆಗ ಸೆರಗಿನ ಗಂಟು ಬಿಚ್ಚಿ ತೋರಿಸಿದ್ದರೆ —

"ನಂಗೇನ್ ಗೊತ್ತು ಅತ್ತೆ... ಬೆಳಿಗ್ಗೆಯಿಂದ ಹೊಟ್ಟೆನೋವು ಅಂತಿದ್ಲು."

ಅವಳು ಹಾಗೆ ಅಂದದ್ದು ನಿಜ. ಕತ್ತಲಿರುವಾಗಲೇ ಎದ್ದು ಬರಿಹೊಟ್ಟೆಯಲ್ಲಿ ನೀರು ಸೇದಿದವಳಿಗೆ ಹೊಟ್ಟೆ ನೋಯದೆ ಇನ್ನೇನು? ಅದೂ ನನಗೆ ಗೊತ್ತಿತ್ತು. ಸಾವಿತ್ರಿ ನನ್ನ ಮುಖವನ್ನೇ ನೋಡಿದಳು.

ಅವಳನ್ನು ಹಿತ್ತಲ ಜಗಲಿಯಲ್ಲಿ ಕೂರಿಸಿದರು. "ನೀನು ಮುಟ್ಟಿದ್ದು, ನೀನೇ ಬೆಳಗು" ಎಂದು ಅತ್ತೆ ಆ ಪಾತ್ರೆಯನ್ನು ಅವಳ ಮುಂದೆ ಕುಕ್ಕಿದರು. ಅವಳು ಒಡೆದ ಹಾಲು ಚೆಲ್ಲಿ, ಹುಣಸೆಹಣ್ಣು ಹಚ್ಚಿ ಉಜ್ಜುವುದನ್ನು ಕಿಟಕಿಯಿಂದ ನೋಡಿದೆ. ಒಂದು ಗಳಿಗೆ ಅವಳ ಕೈ ಪಾತ್ರೆಯ ತಳದಲ್ಲಿ ನಿಂತಿತು. ಏನನ್ನೋ ಬೆರಳ ತುದಿಯಲ್ಲಿ ತೆಗೆದು ನೋಡಿದಳು. ಬೀಜ! ಹಿಂಡುವಾಗ ನಿಂಬೆಯ ಬೀಜ ತೆಗೆದಿದ್ದೆನೇ? ಅವಳು ಅದನ್ನು ಅತ್ತ ಎಸೆದು ಮತ್ತೆ ಉಜ್ಜತೊಡಗಿದಳು.

ಅಂದಿನಿಂದ ಪ್ರತಿ ಹಬ್ಬದಲ್ಲೂ ಅಡುಗೆಮನೆಯ ಹೊಸಿಲಲ್ಲಿ ಅತ್ತೆ ಅವಳನ್ನು ತಡೆದು, ಎಲ್ಲರೆದುರು ಅದೇ ಪ್ರಶ್ನೆ ಕೇಳುತ್ತಿದ್ದರು. ಗಂಡಸರಿಗೆ, ನೆಂಟರಿಗೆ, ಆಮೇಲಾಮೇಲೆ ಬೆಳೆದ ಮಕ್ಕಳಿಗೂ ಕೇಳಿಸುವ ಹಾಗೆ. ಅವಳು ನೆಲ ನೋಡುತ್ತ "ಇಲ್ಲ" ಅನ್ನುತ್ತಿದ್ದಳು. ಅಷ್ಟಾದರೂ ಹಬ್ಬದ ಒಲೆ ಮುಟ್ಟಲು ಬಿಡಲಿಲ್ಲ. ಅತ್ತೆ ಬದುಕಿರುವವರೆಗೂ ಆ ಮನೆಯವರು ನನ್ನ ಬಾಯಿಬಿಟ್ಟ ಒಬ್ಬಟ್ಟುಗಳನ್ನೇ ತಿಂದರು.

ನನಗೆ ಮಗಳು ಹುಟ್ಟಿದಳು. ಎದೆಹಾಲಿಗೆ ಏನೂ ಕಡಿಮೆಯಾಗಲಿಲ್ಲ. ಮಗುವಿನ ಹಾಲಿಗೆ ಏನಾದೀತೋ ಎಂದು ಹೆದರಿ ಸುಮ್ಮನಿದ್ದವಳು ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಅಷ್ಟರಲ್ಲಿ ನಾನು ಒಳ್ಳೆಯ ಸೊಸೆಯಾಗಿಬಿಟ್ಟಿದ್ದೆ, ಆ ಹೆಸರು ಹೋದೀತೆಂಬ ಹೆದರಿಕೆ ಶುರುವಾಗಿತ್ತು.

ಸಾವಿತ್ರಿ ಈಗ ಪದ್ಮನಾಭನಗರದಲ್ಲಿದ್ದಾಳೆ, ಹಬ್ಬಕ್ಕೆ ತಪ್ಪದೆ ಬರುತ್ತಾಳೆ. ನಾನು ಕೋಸಂಬರಿಗೆ ಹಿಂಡಲು ನಿಂಬೆಹಣ್ಣು ಕೈಗೆತ್ತಿಕೊಂಡರೆ ಸಾಕು, ಹಿಂದಿನಿಂದ ಮೆತ್ತಗೆ ಅದೇ ಮಾತು: "ಬೀಜ ನೋಡ್ಕೊಳ್ಳಿ ಅಕ್ಕ."

ಯಾರು ಬೇಕಾದರೂ ಆಡುವ ಮಾತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನು. ತಿರುಗಿ ಅವಳ ಮುಖ ನೋಡುವ ಧೈರ್ಯ ಇವತ್ತಿಗೂ ಬಂದಿಲ್ಲ.

ಸಾವಿತ್ರಿ, ನಾಳೆ ಯುಗಾದಿ. ನೀನು ಬರುತ್ತೀಯ. ಎಲ್ಲ ಗೊತ್ತಿದ್ದೂ ಸುಮ್ಮನಿದ್ದೆಯೋ, ಏನೂ ಗೊತ್ತಿಲ್ಲವೋ — ಯಾವುದಕ್ಕೆ ಹೆಚ್ಚು ಹೆದರಬೇಕೋ ನನಗೆ ತಿಳಿಯುತ್ತಿಲ್ಲ. ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ಇರುವಾಗಲೇ ಹೇಳುತ್ತೇನೆ. ನಿನ್ನನ್ನು ಕೇಳಿದ್ದೂ ಎಲ್ಲರೆದುರೇ ಅಲ್ಲವೇ? ಹಾಲನ್ನು ಒಲೆಯ ಮೇಲಿಟ್ಟು, ಅವರ ಕಣ್ಣೆದುರೇ ನಿಂಬೆ ಹಿಂಡುತ್ತೇನೆ. ಬೀಜ ತೆಗೆಯುವುದಿಲ್ಲ.