ನಾಲ್ಕು ಹಾಸಿಗೆಯ ಎತ್ತರದಿಂದ ಚಾಪೆಗೆ

ಗುಂಡ್ಲುಪೇಟೆಯ ನಮ್ಮ ಮಸೀದಿಯಲ್ಲಿ ಕೊನೆಯ ಸಾಲಿನ ತುದಿಗೆ ಒಂದು ಕಬ್ಬಿಣದ ಕುರ್ಚಿ ಇತ್ತು. ಆರು ವರ್ಷ ಅದು ನನ್ನದೇ ಆಗಿತ್ತು. ಎರಡು ಪ್ಲಾಸ್ಟಿಕ್ ಕುರ್ಚಿಗಳು ನನ್ನ ಭಾರಕ್ಕೆ ಕಾಲು ಮುರಿದುಕೊಂಡ ಮೇಲೆ ಕಮಿಟಿಯವರು ಇದನ್ನು ತಂದು ಹಾಕಿದ್ದರು. ನೆಲಕ್ಕೆ ಇಳಿಯಲಾಗದವರು ಕೂತೇ ನಮಾಜು ಮಾಡಬಹುದು, ಅದರಲ್ಲಿ ತಪ್ಪೇನಿಲ್ಲ. ಯಾರೂ ಏನೂ ಅಂದವರಲ್ಲ. ಆದರೆ ಎಲ್ಲರೂ ಹಣೆಯನ್ನು ನೆಲಕ್ಕಿಟ್ಟಾಗ ನಾನೊಬ್ಬ ಆ ಬೆನ್ನುಗಳನ್ನು ನೋಡುತ್ತ ಮೇಲೆ ಕೂತಿರಬೇಕಿತ್ತು. ನನಗೆ ನಾಚಿಕೆಯಾಗುತ್ತಿತ್ತು. ಸಾಯುವುದರೊಳಗೆ ಇನ್ನೊಂದು ಸಲ ನನ್ನ ಹಣೆ ಆ ಚಾಪೆಗೆ ತಾಗಬೇಕು ಎನ್ನುವುದೇ ಆಸೆಯಾಗಿತ್ತು.

ನಮ್ಮದು ಹತ್ತಿ ಹಾಸಿಗೆ ಹೊಲಿಯುವ ಮನೆತನ. ಬಟ್ಟೆ ಹರಡಿ, ಹತ್ತಿ ತುಂಬಿ, ಕೋಲಿನಿಂದ ಬಡಿದು, ಉದ್ದ ಸೂಜಿಯಲ್ಲಿ ಹೊಲಿಗೆ ಹಾಕುವುದೆಲ್ಲ ನೆಲದ ಮೇಲೆ ಕೂತೇ ಮಾಡುವ ಕೆಲಸ. ಅದನ್ನು ತಮ್ಮನಿಗೆ ಬಿಟ್ಟು ನಾನು ಬೆಂಚಿನ ಮೇಲೆ ಕೂತು ಅಳತೆ ಬರೆದುಕೊಳ್ಳುವವನಾಗಿದ್ದೆ. ಊಟಕ್ಕೆ ಮಾತ್ರ ಯಾರ ಸಹಾಯವೂ ಬೇಕಿರಲಿಲ್ಲ.

ಮಂಡಿ ನೋವು ತಡೆಯಲಾಗದೆ ಚಾಮರಾಜನಗರಕ್ಕೆ ಹೋದಾಗ ಅಲ್ಲಿನ ಡಾಕ್ಟರಮ್ಮ ಮೊದಲು ತೂಕ ನೋಡಲು ನಿಲ್ಲಿಸಿದರು. ಮುಳ್ಳು ಒಂದು ಸುತ್ತು ಹೊಡೆದು ಕೊನೆಗೆ ಬಡಿದು ನಿಂತಿತು. ಅವರು ನಗಲಿಲ್ಲ. ಅದಕ್ಕೇ ಅವರ ಮೇಲೆ ನಂಬಿಕೆ ಬಂತು. ‘ಊರಲ್ಲಿ ದೊಡ್ಡ ತಕ್ಕಡಿ ಇದ್ರೆ ನೋಡಿಸ್ಕೊಂಡು ಬನ್ನಿ’ ಎಂದರು. ಉಪವಾಸ ಬೀಳಬೇಡಿ, ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬೇಡಿ, ತಿಂಗಳಿಗೆ ಎರಡು ಮೂರು ಕೆಜಿ ಇಳಿದರೆ ಸಾಕು, ಅವಸರ ಬೇಡ ಎಂದರು. ತಟ್ಟೆಯಲ್ಲಿ ಅರ್ಧ ತರಕಾರಿ, ಕಾಲು ಭಾಗ ಬೇಳೆಯೋ ಮೊಟ್ಟೆಯೋ, ಉಳಿದದ್ದು ಅನ್ನ ಅಥವಾ ಚಪಾತಿ ಎಂದು ಕಾಗದದ ಮೇಲೆ ಗುಂಡಗೆ ತಟ್ಟೆಯ ಚಿತ್ರ ಬರೆದು ತೋರಿಸಿದರು. ದಿನಾ ಹತ್ತು ನಿಮಿಷ ನಡೆಯಬೇಕು, ಎದೆ ಹಿಡಿದರೆ ಅಲ್ಲೇ ನಿಂತು ಆಸ್ಪತ್ರೆಗೆ ಬರಬೇಕು. ಕೊನೆಗೆ ನಾನೇ ಕೇಳಿದೆ, ನೆಲಕ್ಕೆ ಹಣೆ ತಾಗಿಸಬಹುದೇ ಎಂದು. ‘ಎತ್ತರದ ಜಾಗದಿಂದ ಕೈ ಊರದೆ ಎದ್ದು ಕೂರೋದನ್ನ ಮೊದ್ಲು ಕಲೀರಿ. ಅದು ಸುಲಭ ಆದ್ಮೇಲೆ ಎತ್ತರ ಸ್ವಲ್ಪ ಸ್ವಲ್ಪ ಇಳಿಸಿ’ ಎಂದರು.

ದೊಡ್ಡ ತಕ್ಕಡಿ ಇದ್ದದ್ದು ನಮ್ಮ ಅಂಗಡಿಯ ಪಕ್ಕದ ಈರುಳ್ಳಿ ಮಂಡಿಯಲ್ಲಿ. ಅದರ ಯಜಮಾನರಿಗೂ ನನಗೂ ಬಾಲ್ಯದ ಸಲಿಗೆ. ಮೂಟೆ ಇಳಿಸಿ ನನ್ನನ್ನು ಹತ್ತಿಸಿದರು. ಹಮಾಲಿಗಳೆಲ್ಲ ಬೀಡಿ ಬಿಟ್ಟು ನೋಡುತ್ತ ನಿಂತರು. ನೂರ ನಲವತ್ತೆರಡು.

‘ಚೀಲದ್ದು ಒಂದ್ ಕೆಜಿ ಕಳೀಬೇಕು ಕಣ್ ಭಾಯಿ, ನೂರ ನಲವತ್ತೊಂದೇಯ’ ಎಂದರು ಯಜಮಾನರು. ಚೀಲವೆಂದರೆ ನನ್ನ ಪೈಜಾಮ, ಜುಬ್ಬಾ. ಹಮಾಲಿಗಳ ಜೊತೆ ನಾನೂ ನಕ್ಕೆ. ಅಂದಿನಿಂದ ಪ್ರತಿ ತಿಂಗಳು ಒಂದು ಶುಕ್ರವಾರ ಅಲ್ಲಿ ನನ್ನ ತೂಕ. ಅಂಕಿ ಅವರ ಕಡೆಗೆ ಕಾಣುತ್ತಿತ್ತು, ಅವರು ಕೂಗಿ ಹೇಳುತ್ತಿದ್ದರು.

ನಡಿಗೆ ಶುರುವಾದದ್ದು ಒಂದು ಕರೆಂಟು ಕಂಬದಿಂದ. ಬೆಳಗಿನ ನಮಾಜಾದ ಮೇಲೆ ಊಟಿ ರಸ್ತೆಯಲ್ಲಿ ಮೊದಲ ಕಂಬದವರೆಗೆ ಹೋಗಿ ಏದುಸಿರು ಬಿಡುತ್ತ ವಾಪಸ್. ವಾರ ಕಳೆದಂತೆ ಎರಡು, ಆಮೇಲೆ ನಾಲ್ಕು. ಚೆಂಡು ಹೂವಿನ ಹೊಲದ ಹತ್ತಿರ ಮುಟ್ಟಿದ ದಿನ ಬದುವಿನ ಮೇಲೆ ಹತ್ತು ನಿಮಿಷ ಕೂತು ಬಂದೆ. ನನ್ನ ಊರನ್ನು ಅಷ್ಟು ನಿಧಾನವಾಗಿ ನಾನು ನೋಡಿಯೇ ಇರಲಿಲ್ಲ. ಸುಖವಾಗಿತ್ತು. ಹೆಂಡತಿ ಡಾಕ್ಟರಮ್ಮನ ಕಾಗದವನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಳು. ಶುಕ್ರವಾರದ ಬಿರಿಯಾನಿ ನಿಲ್ಲಿಸಲಿಲ್ಲ, ಒಂದು ಸಣ್ಣ ಬಟ್ಟಲಿಗೆ ಇಳಿಸಿದಳು. ಆ ಬಟ್ಟಲು ನಮ್ಮ ಮೊಮ್ಮಗಳದು, ಅಂಚಿನಲ್ಲಿ ಬಾತುಕೋಳಿಗಳಿದ್ದವು. ಮೊದಲ ವಾರ ಸಿಟ್ಟಿನಿಂದ ಅದನ್ನು ಪಕ್ಕಕ್ಕೆ ತಳ್ಳಿದ್ದೆ. ಅವಳು ಅದನ್ನು ಎತ್ತಿ ಒಳಗಿಟ್ಟಳು. ಹಸಿವಾದಾಗ ನಾನೇ ಎದ್ದು ಹೋಗಿ ತೆಗೆದುಕೊಂಡೆ.

ಅಂಗಡಿಯಲ್ಲಿ ಗಟ್ಟಿಯಾಗಿ ತುಂಬಿದ ನಾಲ್ಕು ಹಾಸಿಗೆಗಳನ್ನು ಒಂದರ ಮೇಲೊಂದು ಅಟ್ಟಿ ಹಾಕಿಸಿದೆ. ಹಾಸಿಗೆ ಹೊಲಿದವನಿಗೆ ಹಾಸಿಗೆಯಿಂದ ಆದ ಉಪಯೋಗ ಇದೇ ಮೊದಲು. ಬೆಳಿಗ್ಗೆ ಹತ್ತು ಸಲ, ಸಂಜೆ ಹತ್ತು ಸಲ ಎದ್ದು ಕೂತೆ. ನಾಲ್ಕು ತಿಂಗಳಾದ ಮೇಲೆ ಕೈ ಊರದೆ ಎದ್ದೆ. ತಮ್ಮ ಮೇಲಿನ ಹಾಸಿಗೆ ತೆಗೆದ. ಮೂರಾಯಿತು. ಮತ್ತೆ ಕಾಲು ನಡುಗತೊಡಗಿತು.

ಅಷ್ಟರಲ್ಲಿ ರಂಜಾನ್ ಬಂತು. ನನ್ನ ಮಂಕು ಬುದ್ಧಿಗೆ ತೋಚಿದ್ದು, ತಿಂಗಳು ಪೂರ್ತಿ ಉಪವಾಸವಿದ್ದರೆ ಹತ್ತು ಕೆಜಿ ತಾನೇ ಇಳಿದುಹೋಗುತ್ತದೆ ಎಂದು. ಡಾಕ್ಟರಮ್ಮನನ್ನು ಕೇಳಲೂ ಇಲ್ಲ. ಹಗಲೆಲ್ಲ ನಿದ್ದೆ, ನಡಿಗೆ ಬಂದ್, ಹಾಸಿಗೆಯ ಅಟ್ಟಿ ಮೂಲೆಗೆ. ಸಂಜೆ ರೋಜಾ ಉಪವಾಸ ಬಿಡುವಾಗ ಖರ್ಜೂರ, ಶರಬತ್ತು, ಸಮೋಸ, ಮಸೀದಿಯ ಗಂಜಿ, ಮನೆಗೆ ಬಂದು ಮತ್ತೆ ಊಟ. ಒಂದು ಮಧ್ಯಾಹ್ನ ಕೈ ನಡುಗಿ, ಬೆವರಿ, ಕಣ್ಣು ಕತ್ತಲೆ ಬಂತು. ಹೆಂಡತಿ ನನ್ನ ಮಾತು ಕೇಳದೆ ಬಾಯಿಗೆ ಸಕ್ಕರೆ ನೀರು ಹಾಕಿ ರೋಜಾ ಬಿಡಿಸಿದಳು. ನನ್ನನ್ನು ಉಳಿಸಿದವಳ ಮೇಲೆಯೇ ನಾನು ರೇಗಿದೆ.

ಹಬ್ಬ ಮುಗಿದ ವಾರ ತಕ್ಕಡಿ ಹತ್ತಿದೆ. ‘ಎರಡ್ ಕೆಜಿ ಇಳ್ದದೆ ಭಾಯಿ’ ಎಂದರು ಯಜಮಾನರು. ಪೈಜಾಮದ ಲಾಡಿ ಮಾತ್ರ ಬೇರೆಯೇ ಹೇಳುತ್ತಿತ್ತು. ಇಳಿಯದೆ ಕತ್ತು ಚಾಚಿ ಅಂಕಿ ನೋಡಿದೆ. ಐದು ಕೆಜಿ ಏರಿತ್ತು.

‘ಈರುಳ್ಳಿನೂ ಹಿಂಗೇ ತೂಗ್ತೀರಾ ಯಜಮಾನ್ರೇ?’ ಎಂದೆ. ಮೈಯೆಲ್ಲ ಉರಿಯುತ್ತಿತ್ತು.

‘ಅಬ್ಬ ಮುಗ್ಸ್ಕಂಡು ಬಂದಿದ್ರಿ. ಮನ್ಸ್ ಯಾಕ್ ನೋಯ್ಸನ ಅಂತ ಅಂಗಂದ್ಬುಟ್ಟೆ’ ಎಂದು ಅವರು ತಲೆ ತಗ್ಗಿಸಿದರು.

ಎರಡು ದಿನ ಅವರ ಕಡೆ ತಿರುಗಿ ನೋಡಲಿಲ್ಲ. ಮೂರನೆಯ ದಿನ ನನಗೇ ಹೊಳೆಯಿತು: ಅವರು ಸುಳ್ಳು ಹೇಳಿದ್ದು ಒಂದು ಸಲ, ನಾನು ಇಡೀ ತಿಂಗಳು ನನಗೇ ಹೇಳಿಕೊಂಡಿದ್ದೆ. ಹೋಗಿ ತಕ್ಕಡಿಯ ಅಂಕಿ ನನ್ನ ಕಡೆಗೆ ಕಾಣುವಂತೆ ತಿರುಗಿಸಿಡಿ ಎಂದೆ. ಅವರು ತಿರುಗಿಸಿ, ಟೀ ತರಿಸಿದರು. ‘ಸಕ್ರೆ ಬ್ಯಾಡ ಕಣ್ಲಾ ಭಾಯಿಗೆ’ ಎಂದು ಹಮಾಲಿಗೆ ಅವರೇ ಕೂಗಿ ಹೇಳಿದರು.

ಡಾಕ್ಟರಮ್ಮ ಚೆನ್ನಾಗಿ ಬೈದರು. ‘ಉಪವಾಸ ಇರಬೇಕಾದ್ರೆ ಎರಡು ತಿಂಗಳು ಮುಂಚೆ ಬಂದು ಕೇಳಿ’ ಎಂದರು. ಮುಂದಿನ ವರ್ಷ ಕೇಳಿದೆ. ಅವರು ಮಾತ್ರೆ ಬದಲಿಸಿದರು, ಬೆರಳು ಚುಚ್ಚಿ ಸಕ್ಕರೆ ನೋಡುವುದನ್ನು ಕಲಿಸಿದರು, ಎಷ್ಟಕ್ಕೆ ಇಳಿದರೆ ರೋಜಾ ಬಿಡಲೇಬೇಕು ಎಂದು ಬರೆದುಕೊಟ್ಟರು. ಸಂಜೆ ಬಾತುಕೋಳಿ ಬಟ್ಟಲೇ ಮುಂದಿತ್ತು. ಆ ತಿಂಗಳು ಒಂದು ಕೆಜಿ ಇಳಿಯಿತು. ಅಂಕಿ ನಾನೇ ಓದಿದೆ.

ಅಟ್ಟಿಯಲ್ಲಿ ಮೂರು ಎರಡಾಯಿತು, ಎರಡು ಒಂದಾಯಿತು. ಕೊನೆಯ ಹಾಸಿಗೆಯನ್ನು ತಮ್ಮ ಎಳೆದ ದಿನ ನೆಲಕ್ಕೆ ಇಳಿದೆ, ಏಳಲಾಗಲಿಲ್ಲ. ಹೆಂಡತಿಯನ್ನೂ ಕರೆಸಿ ಇಬ್ಬರೂ ಸೇರಿ ಎತ್ತುವಾಗ ಮೂವರೂ ನಗುತ್ತಿದ್ದೆವು. ಮತ್ತೆ ಒಂದು ಹಾಸಿಗೆ ಹಾಕಿಸಿದೆ. ಮತ್ತೆ ಎರಡು ತಿಂಗಳು.

ಎಲ್ಲ ಸೇರಿ ಎರಡೂವರೆ ವರ್ಷ. ನೂರ ಆರಕ್ಕೆ ಬಂದಿದ್ದೆ, ಈಗಲೂ ನನ್ನನ್ನು ಯಾರೂ ಸಣಕಲ ಅನ್ನುವುದಿಲ್ಲ. ಒಂದು ಸಾಧಾರಣ ಬುಧವಾರ ಇಳಿಹೊತ್ತಿನ ಅಸರ್ ನಮಾಜಿಗೆ ಹೋದೆ. ಕುರ್ಚಿಯನ್ನು ದಾಟಿ ಸಾಲಿನ ನಡುವೆ ನಿಂತೆ. ಎಲ್ಲರೊಡನೆ ಇಳಿದೆ. ಹಣೆ ಚಾಪೆಗೆ ತಾಗಿತು. ಧೂಳಿನ ವಾಸನೆ ಬಂತು, ಹುಡುಗನಾಗಿದ್ದಾಗ ಬರುತ್ತಿದ್ದ ಅದೇ ವಾಸನೆ. ಕಣ್ಣಲ್ಲಿ ನೀರು ಬಂತು. ಎಲ್ಲರೊಡನೆ ಎದ್ದೆ. ನಮಾಜು ಮುಗಿದ ಮೇಲೆ ಪಕ್ಕದಲ್ಲಿದ್ದ ಹಿರಿಯರು, ‘ನೀನು ಏಳದಿದ್ದರೆ ನಮಾಜು ಬಿಟ್ಟಾದರೂ ಎತ್ತೋಣ ಅಂತ ತಯಾರಾಗಿದ್ದೆ’ ಎಂದರು.

ಹೊರಗೆ ಬಂದವನು ಮಂಡಿಗೆ ಹೋದೆ. ಯಜಮಾನರು ಮೂಟೆ ಇಳಿಸಲು ಹೊರಟರು.

‘ಇವತ್ತು ತೂಕ ಬೇಡ’ ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ‘ಅಣೆ ಮ್ಯಾಲೆ ಚಾಪೆ ಗುರ್ತು ಬಿದ್ದದೆ ಭಾಯಿ, ಒರಸ್ಕಳಿ’ ಎಂದರು.

ಒರೆಸಿಕೊಳ್ಳಲಿಲ್ಲ. ಹೆಂಡತಿಗೆ ತೋರಿಸಬೇಕಿತ್ತು.