ವಡೆ ಕಟ್ಟುವ ಪೇಪರಿನ ಗೋಲ್‌ಕೀಪರ್

ಕೋಪರಿ ಎಂಬ ಊರಿನ ನನ್ನ ತಿಂಡಿ ಅಂಗಡಿಯಲ್ಲಿ ವಡೆ ಕಟ್ಟುವ ರದ್ದಿ ಪೇಪರನ್ನು ಓದದೆ ನಾನು ಹರಿದವಳಲ್ಲ. ಶಾಲೆಗೆ ಹೋಗದ ನಾನು ಅಕ್ಷರ ಕಲಿತದ್ದೇ ಅದರಲ್ಲಿ. ಫುಟ್‌ಬಾಲ್ ವರದಿ ಓದುವಾಗ ಇಡ್ಲಿಯ ಹಬೆಯೊಳಗೆ ಹಸಿರು ಮೈದಾನವೊಂದು ತೇಲಿ ಬರುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ, ಟಿವಿಯಲ್ಲಿ ಬಾರದ ಪಂದ್ಯವೊಂದರ ವಿಷಯದಲ್ಲಿ ನನ್ನ ಗಿರಾಕಿಗಳಾದ ದಿನೇಶ, ಸುಧಾಕರ ಜಗಳಕ್ಕೆ ನಿಂತರು.

"ನಿನ್ನ ಗೋಲ್‌ಕೀಪರ್ ನಿಂತಲ್ಲೇ ನಿದ್ದೆ ಮಾಡಿದ್ದಾನೆ ಮಾರಾಯ, ನೋಡು!" ದಿನೇಶ ಅಂದಿನ ಪೇಪರ್ ಚಾಚಿದ.

"ಬರೆದವನೇ ನಿದ್ದೆ ಮಾಡಿರಬೇಕು," ಎಂದ ಸುಧಾಕರ.

ನಾನು ಬಗ್ಗಿ ನೋಡಿದೆ. "ಇದನ್ನು ನಾನು ಮೊದಲೇ ಓದಿದ್ದೇನೆ."

"ಇವತ್ತಿನ ಪೇಪರ್ ಅಕ್ಕಾ! ಫುಟ್‌ಬಾಲ್ ನಿಮಗೇನು ಗೊತ್ತು? ಚಟ್ನಿ ಹಾಕಿ," ಎಂದ ದಿನೇಶ.

ಆ ಮಾತು ಚುಚ್ಚಿತು. ರದ್ದಿಯ ರಾಶಿ ಕೆದಕಿ, ಹಳೆಯ ಹಾಳೆಯೊಂದನ್ನು ತಂದು ಪಕ್ಕದಲ್ಲಿಟ್ಟೆ. ಊರು ಬೇರೆ, ತಂಡ ಬೇರೆ, ಗೋಲ್‌ಕೀಪರನೂ ಬೇರೆ. ವಾಕ್ಯಗಳು ಮಾತ್ರ ಅವೇ, ನಿದ್ದೆಯೂ ಅದೇ. ಕೆಳಗೆ ಅದೇ ವರದಿಗಾರನ ಹೆಸರು.

ಸುಧಾಕರ ಮೇಜು ಬಡಿದು ನಕ್ಕ. ದಿನೇಶ ಮೆಲ್ಲಗೆ, "ಹಾಗಾದರೆ ನಿಜವಾಗಿ ಏನಾಯ್ತು ಅಕ್ಕಾ?" ಎಂದ.

ನನಗೇನು ಗೊತ್ತು? ಆ ವರದಿಗಾರನ ಹಾಗೆ ನಾನೂ ಮೈದಾನ ಕಂಡವಳಲ್ಲ. ಆದರೆ ಆ ಗಳಿಗೆಯಲ್ಲಿ ಹಾಗೆನ್ನಲು ಮನಸ್ಸು ಒಪ್ಪಲಿಲ್ಲ. ಹಬೆಯತ್ತ ನೋಡುತ್ತ ಹೇಳಿದೆ: "ಹಾರಿದ್ದ ಪಾಪ. ಬೆರಳ ತುದಿಯಲ್ಲಿ ತಪ್ಪಿತು."

ಇಬ್ಬರೂ ನಂಬಿದರು.