ಅಕ್ಕೋರು ಸ್ಲ್ಯಾಬಿಗೆ ಹಾಕಿದ ತೂತು

ಹೋದ ತಿಂಗಳು ಇಂಡಿಯಲ್ಲಿ ನಮ್ಮ ಓಣಿಯ ಒಂದು ಹೊಸ ಮನೆಯ ವಾಸ್ತುಶಾಂತಿಗೆ ಹೋಗಿದ್ದೆ. ಪಡಸಾಲೆಯೊಳಗೆ ಕಾಲಿಟ್ಟ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ಪಾಚಿಯದು, ಹಸಿ ಮರಳಿನದು, ನೀರೊಳಗೇ ಬೆಳೆದು ನೀರೊಳಗೇ ಕೊಳೆಯುವ ಎಲೆಯದು. ಗೋಡೆಗೆ ಹೊಂದಿಸಿ ಒಂದು ದೊಡ್ಡ ಮೀನಿನ ತೊಟ್ಟಿ ಇಟ್ಟಿದ್ದರು, ಅದರ ಮೇಲೆ ಉದ್ದನೆಯ ದೀಪವೊಂದು ತೂಗುತ್ತಿತ್ತು. ಬಂದವರೆಲ್ಲ ಬಗ್ಗಿ ಮೀನು ನೋಡುತ್ತಿದ್ದರು. ನಾನು ಕತ್ತೆತ್ತಿ ಮೇಲೆ ನೋಡಿದೆ. ದೀಪದ ತಂತಿಗಳು ಬೆಳ್ಳಗಿನ ಪಿಒಪಿ ಚಾವಣಿಯಲ್ಲಿ ಹೋಗಿ ಮುಗಿದಿದ್ದವು. ಇದನ್ನು ಯಾವುದಕ್ಕೆ ಬಿಗಿಸಿದ್ದೀರಿ ಎಂದು ಮನೆಯ ಯಜಮಾನನನ್ನು ಕೇಳಿದೆ. ಆತ ನಕ್ಕ.

"ಪಿಒಪಿಗೇ ಐತ್ರಿ ಅಕ್ಕಾರ. ಏನ್ ಆಗಂಗಿಲ್ಲ."

ಏನ್ ಆಗಂಗಿಲ್ಲ. ಈ ಮಾತು ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಬಂದ ಜನರ ಮುಂದೆಯೇ, ಅದನ್ನು ಇವತ್ತೇ ಇಳಿಸಬೇಕೆಂದು ಗಟ್ಟಿಯಾಗಿ ಹೇಳಿದೆ. ಆತನ ಮುಖ ಸಣ್ಣದಾಯಿತು. ಮನೆಗೆ ಬರುವಾಗ ದಾರಿಯುದ್ದಕ್ಕೂ ನಮ್ಮ ಮನೆಯವರು ಗೊಣಗಿದರು, ಮಂದಿ ಮನೆಯ ಶುಭಕಾರ್ಯದಲ್ಲಿ ನಿನಗ್ಯಾಕೆ ಬೇಕಿತ್ತು ಎಂದು. ನನ್ನ ಕಣ್ಣ ಮುಂದೆ ಅಕ್ಕೋರು ನಿಂತಿದ್ದರು...

ನಾನು ಮದುವೆಯಾಗಿ ಮುದ್ದೇಬಿಹಾಳಕ್ಕೆ ಹೋದ ಹೊಸತು. ನಮ್ಮದು ಎರಡಂತಸ್ತಿನ ಮನೆ. ಮೇಲೆ ನಾವು ಮತ್ತು ಊರಿಗೆಲ್ಲ ಸಾವಕಾರರಾದ ನಮ್ಮ ಮಾವನವರು, ಕೆಳಗೆ ಬಾಡಿಗೆಗೆ ಅಕ್ಕೋರು ಮತ್ತು ಅವರ ಯಜಮಾನರು. ಅಕ್ಕೋರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು; ಸಾಲೆ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಹಾಗೇ ಕರೆಯುವುದು. ಊರಿಗೆಲ್ಲ ಅಕ್ಕೋರು, ನನಗೂ ಅಕ್ಕೋರು. ಯಜಮಾನರು ಆಲಮಟ್ಟಿಯಲ್ಲಿ ಅಣೆಕಟ್ಟಿನ ಗೇಟಿನ ಕೆಲಸದಲ್ಲಿದ್ದವರು. ಹಗಲು ರಾತ್ರಿ ನೀರು ನೋಡುತ್ತ ಬದುಕಿದ ಮನುಷ್ಯನಿಗೆ ಲಕ್ವಾ ಹೊಡೆದು ಮಾತು ನಿಂತು, ಬಲಗಡೆಯ ಕೈಕಾಲು ಬಿದ್ದುಹೋಗಿದ್ದವು. ಅಲ್ಲಿಯ ಕ್ವಾರ್ಟರ್ಸ್ ಬಿಟ್ಟು ಅಕ್ಕೋರ ಸಾಲೆ ಇದ್ದ ನಮ್ಮೂರಿಗೆ ಬಂದಿದ್ದರು. ಅವರು ಮಲಗುತ್ತಿದ್ದ ಕೋಣೆಗೆ ಇದ್ದದ್ದು ಒಂದೇ ಕಿಡಕಿ. ಅದೂ ಬಾಜು ಮನೆಯ ಗೋಡೆಗೆ ಮುಖ ಮಾಡಿತ್ತು.

ಮಧ್ಯಾಹ್ನ ಅಕ್ಕೋರು ಸಾಲೆಯಲ್ಲಿರುವಾಗ ಯಜಮಾನರಿಗೆ ಗಂಜಿ ಕುಡಿಸುವುದು ನನ್ನ ಪಾಲಿಗೆ ಬಂತು. ಯಾರೂ ಒಪ್ಪಿಸಿದ್ದಲ್ಲ, ನಾನೇ ಹೋಗಿ ಕೇಳಿಕೊಂಡ ಕೆಲಸ. ಮೇಲಿನ ಮನೆಯಲ್ಲಿ ಮಾವನವರ ದನಿ ಕೇಳುವುದಕ್ಕಿಂತ ಕೆಳಗಿನ ಮೌನ ನನಗೆ ಹಿತವಾಗಿತ್ತು. ಒಂದು ಸಲ ಅವರ ಮೈ ಒರೆಸಲು ತಂದ ಬಕೆಟ್ಟಿನ ನೀರಿನ ಮೇಲೆ ಬಿಸಿಲಿನ ತುಣುಕು ಬಿದ್ದು ಅಲುಗಾಡಿತು. ಯಜಮಾನರು ಅದನ್ನೇ ನೋಡುತ್ತ ಗಂಜಿ ಕುಡಿಯುವುದನ್ನೂ ಮರೆತರು. ಸಂಜೆ ಅಕ್ಕೋರಿಗೆ ಹೇಳಿದೆ. ಮುಂದಿನ ವಾರ ವಿಜಯಪುರದಿಂದ ಟೆಂಪೊದಲ್ಲಿ ಮೀನಿನ ತೊಟ್ಟಿ ಬಂತು.

ಮಂಚದ ಪಕ್ಕಕ್ಕೇ ಅದನ್ನಿಟ್ಟರು. ಮರಳು ಹಾಸಿ, ಗಿಡ ನೆಟ್ಟು, ಸಣ್ಣ ಸಣ್ಣ ಮೀನು ಬಿಟ್ಟರು. ಯಜಮಾನರ ಎಡಗೈ ಬೆರಳು ಗಾಜಿನ ಮೇಲೆ ಮೀನಿನ ಹಿಂದೆ ಹೋಗುತ್ತಿತ್ತು. ಆ ಬೆರಳು ಅಷ್ಟು ಆಡಿದ್ದನ್ನು ಡಾಕ್ಟರರೂ ನೋಡಿರಲಿಲ್ಲ. ಆದರೆ ಕೋಣೆಯಲ್ಲಿ ಕತ್ತಲೆ. ಗಿಡಗಳು ಹಳದಿಯಾಗಿ ಕರಗತೊಡಗಿದವು, ಮಬ್ಬು ನೀರಿನಲ್ಲಿ ಮೀನು ಕಾಣದಾದವು. ಆಗ ಅಕ್ಕೋರು, ವಿಜಯಪುರದಲ್ಲಿ ಬಾಗಿಲು ಹಾಕುತ್ತಿದ್ದ ಮೀನಿನ ಅಂಗಡಿಯೊಂದರಿಂದ ಹಳೆಯ ದೀಪ ತಂದರು. ಕಬ್ಬಿಣದ ಉದ್ದ ಪೆಟ್ಟಿಗೆ, ಒಳಗೆ ಟ್ಯೂಬ್‌ಲೈಟಿನ ದಪ್ಪ ಚೋಕು. ನಾವಿಬ್ಬರೂ ಸೇರಿ ಎತ್ತಿದರೂ ಸೊಂಟ ನೋಯಬೇಕು, ಅಷ್ಟು ಭಾರ. ಗಾಜಿನ ಅಂಚಿನ ಮೇಲೆ ಇಡುವಂತಿರಲಿಲ್ಲ, ಮೇಲಿನಿಂದ ತೂಗುಹಾಕಬೇಕು.

ಆ ಕೋಣೆಯ ಚಾವಣಿ ಮಾವನವರ ಹೆಮ್ಮೆ. ಕಾಂಕ್ರೀಟಿನ ಸ್ಲ್ಯಾಬಿನ ಕೆಳಗೆ ತೆಳ್ಳನೆಯ ತಗಡಿನ ಪಟ್ಟಿ ಹೊಡೆಸಿ, ಪಿಒಪಿ ಮಾಡಿಸಿ, ನಡುವೆ ಬಂಗಾರದ ಬಣ್ಣದ ದೊಡ್ಡ ಹೂವು ಬಿಡಿಸಿದ್ದರು. ಅಕ್ಕೋರು ಮೇಲೆ ಬಂದು ವಿವರಿಸಿದರು: ಆ ಚಾವಣಿ ತನ್ನ ಭಾರವನ್ನಷ್ಟೇ ಹೊರುತ್ತದೆ, ದೀಪದ ಭಾರವನ್ನು ಸ್ಲ್ಯಾಬೇ ಹೊರಬೇಕು, ಪಿಒಪಿಯನ್ನು ನಾಲ್ಕು ಕಡೆ ಕೊರೆದು ಸ್ಲ್ಯಾಬಿಗೆ ಬೋಲ್ಟ್ ಬಿಗಿಯಲು ಒಪ್ಪಿಗೆ ಕೊಡಿ, ಬಿಟ್ಟುಹೋಗುವಾಗ ಮುಚ್ಚಿಸಿಕೊಡುತ್ತೇನೆ. ಮಾವನವರು ಒಪ್ಪಲಿಲ್ಲ. ಸ್ಲ್ಯಾಬಿಗೆ ತೂತು ಬಿದ್ದರೆ ಮಳೆಗಾಲದಲ್ಲಿ ಸೋರುತ್ತದೆ ಎಂದರು.

"ಮ್ಯಾಲ ನೀವ ಇದ್ದೀರಲ್ರಿ ಸಾವಕಾರ್ರ. ಮಳಿ ಎಲ್ಲಿಂದ ಬರತೈತಿ?"

ನಾನು ಅಡಿಗೆ ಮನೆಯಲ್ಲಿ ಬಾಯಿಗೆ ಸೆರಗು ಹಿಡಿದು ನಕ್ಕೆ. ಮಾವನವರು ನಗಲಿಲ್ಲ. ಬಾಡಿಗೆಯವಳೊಬ್ಬಳು ತಮ್ಮ ಮನೆಯ ಬಗ್ಗೆ ತಮಗೇ ಪಾಠ ಹೇಳಿದ್ದು ಅವರ ಮನಸ್ಸಿಗೆ ನಾಟಿತ್ತು. ಅಲ್ಲಿಂದ ಶುರುವಾಯಿತು.

ಒಂದು ಬೆಳಿಗ್ಗೆ ನಾನು ಹಿಟ್ಟಿನ ಗಿರಣಿಗೆ ಹೋಗಿದ್ದೆ, ಅಕ್ಕೋರು ಸಾಲೆಗೆ ಹೋಗಿದ್ದರು. ಮಾವನವರು ನಮ್ಮಲ್ಲಿದ್ದ ಕೀಲಿ ತೆಗೆದುಕೊಂಡು, ತಮ್ಮ ಮೇಸ್ತ್ರಿಯನ್ನು ಕರೆಸಿ, ಆ ಭಾರದ ಪೆಟ್ಟಿಗೆಯನ್ನು ಪಿಒಪಿಯ ತಗಡಿನ ಪಟ್ಟಿಗೇ ಕಟ್ಟಿಸಿದರು. ಸ್ಲ್ಯಾಬಿಗೆ ಕೈ ಹಚ್ಚದೆಯೇ ಆಗುತ್ತದೆ ಎಂದು ತೋರಿಸಬೇಕಿತ್ತು ಅವರಿಗೆ. ನಾನು ಗಿರಣಿಯಿಂದ ಬರುವಷ್ಟರಲ್ಲಿ ಮೇಸ್ತ್ರಿ ಚಹಾ ಕುಡಿಯುತ್ತಿದ್ದ. ಮಾವನವರು ಮೀಸೆ ಸವರುತ್ತ, "ಏನ್ ಆಗಂಗಿಲ್ಲ, ಅಕ್ಕೋರಿಗೆ ಹೇಳು" ಎಂದರು.

ಸಂಜೆ ಬಂದ ಅಕ್ಕೋರು ಚಪ್ಪಲಿ ಕೂಡ ಬಿಡಲಿಲ್ಲ. ಮೊದಲು ಪ್ಲಗ್ ಕಿತ್ತರು. ವಾಯರನ್ನು ಸುತ್ತಿ ನೀರಿನಿಂದ ದೂರ ಮೇಲೆ ಕಟ್ಟಿದರು. ಆಮೇಲೆ ನಾವಿಬ್ಬರೂ ಸೇರಿ ಯಜಮಾನರ ಮಂಚವನ್ನು ಆಚೆಯ ಗೋಡೆಗೆ ಎಳೆದೆವು; ನೀರು ತುಂಬಿದ ತೊಟ್ಟಿ ನಮ್ಮಿಂದ ಅಲುಗಲಿಲ್ಲ. ಯಜಮಾನರು ಗಾಜಿನ ಕಡೆ ಕೈ ಚಾಚಿ ಚಾಚಿ ಸೋತು, ಗೋಡೆಯ ಕಡೆ ಮುಖ ತಿರುಗಿಸಿದರು. ಅದನ್ನು ನೋಡಿದಾಗ ಅಕ್ಕೋರ ಗದ್ದ ನಡುಗಿತು. ಅಳು ಎಂದುಕೊಂಡೆ. ಅಳು ಆಗಿರಲಿಲ್ಲ. ಅಂಥ ಸಿಟ್ಟನ್ನು ನಾನು ಅಲ್ಲಿಯತನಕ ಹೆಣ್ಣುಮಕ್ಕಳ ಮುಖದಲ್ಲಿ ನೋಡಿಯೇ ಇರಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳ ಸಿಟ್ಟು ಒಲೆಯ ಮುಂದೆ, ಪಾತ್ರೆಯ ಸಪ್ಪಳದಲ್ಲಿ ಮುಗಿಯುತ್ತಿತ್ತು.

ಅದನ್ನು ಇಳಿಸಲು ಗಟ್ಟಿ ಗಂಡಸರಿಬ್ಬರು ಬೇಕು. ಕೈ ಜಾರಿದರೆ ಕೆಳಗಿನ ತೊಟ್ಟಿಯೂ ಹೋಗುತ್ತದೆ. ಮೇಸ್ತ್ರಿಯನ್ನು ಕಳಿಸಿ ಎಂದು ಅಕ್ಕೋರು ಕೇಳಿದರು. ಮಾವನವರು ನಾಳೆ ಎಂದರು. ಮರುದಿನವೂ ನಾಳೆ. ಬೇರೆ ಮೇಸ್ತ್ರಿಗಳು ಸಾವಕಾರರನ್ನು ಎದುರು ಹಾಕಿಕೊಳ್ಳಲು ಒಲ್ಲೆ ಎಂದರು. ನಮ್ಮ ಮನೆಯವರಿಗೆ ನಾನು ಹೇಳಿದೆ, ನೀವಾದರೂ ಬನ್ನಿ, ನಾನೂ ಹಿಡಿಯುತ್ತೇನೆ. ಅಪ್ಪನ ಮಾತು ಮೀರಿ ಕೈ ಹಚ್ಚುವುದಿಲ್ಲ ಎಂದು ಪೇಪರಿನೊಳಗೆ ಮುಖ ಹುದುಗಿಸಿದರು.

ಅದು ಬಿದ್ದದ್ದು ಮಟಮಟ ಮಧ್ಯಾಹ್ನ. ನಾನು ಯಜಮಾನರ ಬಾಯಿಗೆ ಚಮಚ ಹಿಡಿದಿದ್ದೆ. ಯಾರೂ ಮುಟ್ಟಿರಲಿಲ್ಲ, ಗಾಳಿಯೂ ಇರಲಿಲ್ಲ. ಮೇಲೆ ಕರ್ ಎಂದು ಸಣ್ಣ ಸಪ್ಪಳ, ಬಿಳಿ ಪುಡಿ ಉದುರಿತು, ಆಮೇಲೆ ಅರ್ಧ ಚಾವಣಿಯೇ ಹರಿದುಕೊಂಡು ದೀಪ ತೊಟ್ಟಿಯ ಮೇಲೆ ಕುಸಿಯಿತು. ಗಾಜು ಸಿಡಿಯಿತು. ತೊಟ್ಟಿಯ ನೀರೆಲ್ಲ ಒಂದೇ ಸಲಕ್ಕೆ ನನ್ನ ಕಾಲಿಗೆ ಬಡಿಯಿತು. ಪಾದ ಕೊಯ್ದದ್ದು ನನಗೆ ಗೊತ್ತಾಗಲಿಲ್ಲ. ನೀರು ಕೆಂಪಾದ ಮೇಲೆ ನೋಡಿಕೊಂಡೆ. ಪ್ಲಗ್ ಚುಚ್ಚಿದ್ದೇ ಆಗಿದ್ದರೆ ಆ ನೀರಿನಲ್ಲಿ ನಿಂತ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ಮಂಚ ಮೊದಲಿನ ಜಾಗದಲ್ಲಿದ್ದಿದ್ದರೆ ಯಜಮಾನರೂ ಉಳಿಯುತ್ತಿರಲಿಲ್ಲ. ಅವರಿಗೆ ಏಟಾಗಿರಲಿಲ್ಲ. ಆದರೆ ನೆಲದ ಮೇಲೆ ಮೀನುಗಳು ಒದ್ದಾಡುವುದನ್ನು ನೋಡಿ ಅವರ ಗಂಟಲಿನಿಂದ ಒಂದು ದನಿ ಬಂತು. ಮಾತಲ್ಲ, ಕೂಗೂ ಅಲ್ಲ... ನಾನು ಕುಂಟುತ್ತ ಸಿಕ್ಕಷ್ಟು ಮೀನುಗಳನ್ನು ಬಾಚಿ ಕುಡಿಯುವ ನೀರಿನ ಕೊಡಕ್ಕೆ ಹಾಕಿದೆ. ಒಂದೂ ಉಳಿಯಲಿಲ್ಲ.

ಸಪ್ಪಳ ಕೇಳಿ ಓಣಿಯ ಮಂದಿ ಓಡಿ ಬಂದರು. ಮಾವನವರೂ ಬಂದರು. ರಕ್ತ ಸುರಿಯುವ ನನ್ನ ಕಾಲು ನೋಡಲಿಲ್ಲ, ತೊಯ್ದು ನಡುಗುವ ಮನುಷ್ಯನನ್ನು ನೋಡಲಿಲ್ಲ. ಕತ್ತೆತ್ತಿ ತಮ್ಮ ಬಂಗಾರದ ಹೂವಿನ ಉಳಿದ ಅರ್ಧ ನೋಡಿದರು. ಈ ಅಕ್ಕೋರು ನನ್ನ ಮನೆ ಕೆಡಿಸಿದಳು ಎಂದರು. ನನಗೇನಾಯಿತೋ. ಮದುವೆಯಾಗಿ ಬಂದಾಗಿನಿಂದ ಅವರ ಮುಂದೆ ತಲೆ ಎತ್ತಿ ಮಾತಾಡದ ನಾನು ಓಣಿಗೆಲ್ಲ ಕೇಳುವಂತೆ ಹೇಳಿದೆ:

"ಅಕ್ಕೋರು ಬ್ಯಾಡ ಅಂದಿದ್ರು ಮಾವಾರ. ಕಟ್ಟಿಸಿದವ್ರು ನೀವು. ನಾ ಸತ್ತಿದ್ರೂ ನೀವು ಮ್ಯಾಲ ನೋಡ್ತಿದ್ರಿ."

ನಮ್ಮ ಮನೆಯವರು ನನ್ನ ರಟ್ಟೆ ಹಿಡಿದು ದವಾಖಾನೆಗೆ ಎಳೆದುಕೊಂಡು ಹೋದರು. ಹೊಲಿಗೆ ಹಾಕಿಸುವಾಗಲೂ, ಮಂದಿ ಮುಂದೆ ಅಪ್ಪನ ಮಾನ ಕಳೆದೆ ಎಂದೇ ಅನ್ನುತ್ತಿದ್ದರು.

ಊರಿನಲ್ಲಿ ಹಬ್ಬಿದ್ದು ಮಾತ್ರ ಮಾವನವರ ಮಾತೇ. ಅಕ್ಕೋರು ಏನೋ ಭಾರದ್ದು ತೂಗುಹಾಕಿ ಚಾವಣಿ ಕೆಡವಿದರು ಎಂದು. ಕಿರಾಣಿ ಅಂಗಡಿಯಲ್ಲಿ, ಗಿರಣಿಯಲ್ಲಿ ನಾನು ತಿದ್ದಿ ತಿದ್ದಿ ಹೇಳಿದರೂ ಮಂದಿ ತಲೆಯಾಡಿಸಿ, ಆದರೂ ಆಕೆಗೆ ಮೀನು ಯಾಕೆ ಬೇಕಿತ್ತು ಎನ್ನುತ್ತಿದ್ದರು. ಕಡೆಗೆ ಮನೆ ಖಾಲಿ ಮಾಡಿ ಎಂದು ಮಾವನವರು ಹೇಳಿ ಕಳಿಸಿದರು. ಅಕ್ಕೋರು ಆ ಸುದ್ದಿ ತಂದವನಿಗೆ ನೀರು ಕೊಟ್ಟು ಕಳಿಸಿದರು.

ಆ ರವಿವಾರ ಅವರು ಹಳೆಯ ವಿದ್ಯಾರ್ಥಿಯೊಬ್ಬನ ಅಂಗಡಿಯಿಂದ ಡ್ರಿಲ್ ಮಷೀನು ತಂದರು. ನನ್ನನ್ನು ಒಳಗೆ ಕರೆದು ಬಾಗಿಲಿಗೆ ಚಿಲಕ ಹಾಕಿದರು. ಯಜಮಾನರನ್ನು ಆಚೆಯ ಕೋಣೆಗೆ ಸರಿಸಿದ್ದರು. ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ, ಮುಖಕ್ಕೆ ವಸ್ತ್ರ ಕಟ್ಟಿ, ಕನ್ನಡಕ ಏರಿಸಿ ಮೇಜಿನ ಮೇಲೆ ಹತ್ತಿದರು. ನಾನು ಮೇಜು ಹಿಡಿದೆ. ಸ್ಲ್ಯಾಬಿಗೆ ಮಷೀನು ತಾಗಿದ್ದೇ ಇಡೀ ಮನೆ ಗಡಗಡ ನಡುಗಿತು. ಮೇಲೆ ಪಾತ್ರೆಗಳು ಉರುಳಿದವು. ಮಾವನವರು ಓಡಿ ಬಂದು ಬಾಗಿಲು ಬಡಿದರು, ಪೊಲೀಸರನ್ನು ಕರೆಸುತ್ತೇನೆ ಎಂದರು. ನನ್ನ ಹೆಸರು ಹಿಡಿದು ಕೂಗಿದರು. ನಾನು ಮೇಜು ಬಿಡಲಿಲ್ಲ. ಅಕ್ಕೋರು ಅವಸರ ಮಾಡಲಿಲ್ಲ. ನಾಲ್ಕೂ ಮೂಲೆಗೆ ಕೊರೆದು, ಪುಡಿ ಊದಿ ತೆಗೆದು, ಬೋಲ್ಟ್ ಬಿಗಿದು, ಆಮೇಲೆ ಮಷೀನು ಬಂದ್ ಮಾಡಿದರು. ತಲೆಯೆಲ್ಲ ಬೆಳ್ಳಗಾಗಿತ್ತು. ಬಾಗಿಲು ತೆಗೆಯದೆ, ದನಿ ಏರಿಸದೆ ಹೇಳಿದರು:

"ತೂತ ಹಾಕೇನ್ರಿ ಸಾವಕಾರ್ರ. ನಮ್ಮ ಮನಿಯವ್ರು ಮೀನ ನೋಡೂದು ಮುಗದ ದಿವಸ ಖಾಲಿ ಮಾಡ್ತೇನಿ. ಅಲ್ಲಿತನಕ ಈ ಬಾಗಲಾ ಬಡಿಬ್ಯಾಡ್ರಿ."

ಬಡಿತ ನಿಂತಿತು. ಪೊಲೀಸರು ಬರಲಿಲ್ಲ. ತಾವು ಕಟ್ಟಿಸಿದ್ದೇ ಬಿದ್ದದ್ದೆಂದು ಹೊರಗೆ ಬರುತ್ತದೆ ಎಂಬ ಅಂಜಿಕೆ ಮಾವನವರಿಗಿತ್ತು.

ಆ ಬೋಲ್ಟುಗಳನ್ನೂ ಅಕ್ಕೋರು ಕೂಡಲೇ ನಂಬಲಿಲ್ಲ. ದೀಪಕ್ಕಿಂತ ಎರಡು ಪಟ್ಟು ಭಾರದ ಜೋಳದ ಚೀಲಗಳನ್ನು ಅವಕ್ಕೆ ತೂಗುಹಾಕಿ ಒಂದು ಇಡೀ ದಿನ ಬಿಟ್ಟರು. ಅಲುಗದೆ ನಿಂತದ್ದು ನೋಡಿದ ಮೇಲೆಯೇ, ತಮ್ಮ ಸಾಲೆಯ ಇಬ್ಬರು ಮಾಸ್ತರರನ್ನು ಕರೆಸಿ ಉಕ್ಕಿನ ತಂತಿಯಿಂದ ದೀಪ ಏರಿಸಿದರು. ಒಂದು ತಂತಿ ಹರಿದರೂ ಉಳಿದವು ಹಿಡಿಯುವಂತೆ. ವಾಯರನ್ನು ಪ್ಲಗ್ಗಿಗಿಂತ ಕೆಳಗೆ ಜೋಲಿ ಬಿಟ್ಟರು. ವಾಯರಿನ ಮೇಲೆ ನೀರು ಹರಿದು ಬಂದರೂ ಪ್ಲಗ್ಗಿಗೆ ಹೋಗದೆ ಅಲ್ಲೇ ತೊಟ್ಟಿಕ್ಕಲಿ ಎಂದು. ಹೊಸ ತೊಟ್ಟಿ ಮೊದಲಿನದಕ್ಕಿಂತ ಸಣ್ಣದು. ಯಜಮಾನರು ಮೊದಲು ಕೆಲವು ದಿನ ಅದರ ಕಡೆ ನೋಡಲೇ ಇಲ್ಲ. ಒಂದು ಮಧ್ಯಾಹ್ನ ನಾನು ಗಂಜಿ ತಂದಾಗ ಎಡಗೈ ಬೆರಳು ಗಾಜಿನ ಮೇಲಿತ್ತು.

ಚಳಿಗಾಲದಲ್ಲಿ, ಹೊಲಗಳಲ್ಲಿ ಸುಟ್ಟು ತಿನ್ನುವ ಹಸಿ ಜೋಳದ ಸೀತನಿ ಬಂದ ಹೊತ್ತಿಗೆ ಯಜಮಾನರು ತೀರಿಕೊಂಡರು. ದಿನಕರ್ಮ ಮುಗಿದ ಮೇಲೆ ಅಕ್ಕೋರು ಸಾಮಾನು ಕಟ್ಟತೊಡಗಿದರು. ಆಗ ಮಾವನವರು ಕೆಳಗೆ ಬಂದು, ಇರ್ರಿ ಅಕ್ಕೋರ, ಯಾರು ಹೋಗು ಅಂದಾರ, ಎಂದರು. ಅಕ್ಕೋರು ತಲೆ ಎತ್ತಲೂ ಇಲ್ಲ. ಹಗ್ಗದ ಗಂಟು ಬಿಗಿಯುತ್ತಲೇ ಇದ್ದರು.

ಆಮೇಲೆ ಅವರಿಗೆ ಸಿಂದಗಿಗೆ ವರ್ಗವಾಯಿತು. ನಾವೂ ಮುಂದೆ ಮಾವನವರಿಂದ ಬೇರೆಯಾಗಿ ಇಂಡಿಗೆ ಬಂದೆವು. ಫೋನಿನಲ್ಲಿ ಮಾತಾಡುತ್ತಿದ್ದೆವು. ಒಂದು ಸಲ ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಪಕ್ಕದ ಹೋಟೆಲಿಗೆ ಹೋದರೆ ಕುಳಿತುಕೊಳ್ಳಲು ಒಪ್ಪಲಿಲ್ಲ. ಮೇಲೆ ಫ್ಯಾನು ಓಲಾಡುತ್ತಿದೆ, ಮೊದಲು ಅದನ್ನು ಬಂದ್ ಮಾಡು ಎಂದು ಮಾಲೀಕನೊಂದಿಗೆ ಜಗಳಕ್ಕೆ ನಿಂತರು. ನಾವು ಚಹಾ ಕುಡಿದದ್ದು ಹೊರಗೆ ಬಿಸಿಲಿನಲ್ಲಿ. ಮನೆಯಲ್ಲಿ ಯಾರಾದರೂ ಬಾಯಿ ಮುಚ್ಚಿಸಿದಾಗ ನಾನು ಫೋನು ಮಾಡುತ್ತಿದ್ದುದು ಅವರಿಗೇ. ಸಮಾಧಾನ ಮಾಡಿಕೋ ಎಂದು ಅವರು ಒಮ್ಮೆಯೂ ಅನ್ನಲಿಲ್ಲ. "ಸಿಟ್ಟ ಖರೆ ಇದ್ರ ಯಾಕ ನುಂಗ್ತಿ ತಂಗಿ" ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಅವರು ಹೋದರು. ಸಿಂದಗಿಯಲ್ಲಿ ಅವರ ಸಾಲೆಯವರು ಸಂತಾಪ ಸಭೆ ಇಟ್ಟಿದ್ದರು. ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಶಾಂತಮೂರ್ತಿ ಎಂದರು. ಯಾರಿಗೂ ಎದುರು ಮಾತಾಡಿದವರಲ್ಲ, ಬಂದ ಕಷ್ಟವನ್ನೆಲ್ಲ ಮೌನವಾಗಿ ನುಂಗಿದ ತಾಯಿ ಎಂದರು. ಕೇಳುತ್ತ ಕೇಳುತ್ತ ನನ್ನ ಕಿವಿ ಬಿಸಿಯಾದವು. ಸತ್ತ ಮೇಲೆ ಹೆಣ್ಣುಮಕ್ಕಳಿಗೆಲ್ಲ ಹೊದಿಸುವ ಅದೇ ಶಾಲು. ಅಕ್ಕೋರಿಗೂ ಹೊದಿಸುತ್ತಿದ್ದರು. ನನ್ನನ್ನು ಯಾರೂ ಕರೆಯಲಿಲ್ಲ, ನಾನೇ ಎದ್ದೆ.

"ಅಕ್ಕೋರು ಸಿಟ್ಟಿನ ಹೆಣಮಗಳು ಇದ್ರು. ಆ ಸಿಟ್ಟಿಲೇ ನಾ ಉಳಿದೇನಿ. ಅದನ್ನ ಅವ್ರಿಂದ ಕಸಗೋಬ್ಯಾಡ್ರಿ."

ಯಾರೋ ಮೈಕು ಸರಿಮಾಡಿ ಮುಂದಿನವರನ್ನು ಕರೆದರು. ಹಿಂದಿನ ಸಾಲಿನಲ್ಲಿ ಮಾತ್ರ ಒಬ್ಬ ಟೀಚರು ಅಳುತ್ತಲೇ ನಗುತ್ತಿದ್ದರು. ನಾನು ಕೂತುಕೊಂಡೆ.

ಈಗಲೂ ನನಗೆ ಸಿಟ್ಟು ಬರುತ್ತದೆ, ಮೊದಲಿಗಿಂತ ಹೆಚ್ಚೇ ಬರುತ್ತದೆ. ಕೈ ತಾನಾಗಿ ಫೋನಿಗೆ ಹೋಗುತ್ತದೆ. ಆಮೇಲೆ ನೆನಪಾಗುತ್ತದೆ... ಹಲೋ ಎನ್ನುವ ಮೊದಲೇ, ಇವತ್ತು ಯಾರಿಗೆ ಬೈದಿ ತಂಗಿ ಎಂದು ಕೇಳುವ ಆ ದನಿ ಇನ್ನಿಲ್ಲ. ನನ್ನ ಸಿಟ್ಟು ಖರೆಯೋ ಸುಳ್ಳೋ ಎಂದು ಈಗ ನಾನೊಬ್ಬಳೇ ನಿರ್ಧರಿಸಬೇಕು.